ಮಕಾಡೆ ಬಿದ್ದ ಎಚ್ಚರಿಕೆ ಬೋರ್ಡು

ನಾನು ಒಂದು ತಗಡಿನ ಬೋರ್ಡು. ಆರಡಿ ಉದ್ದ, ನಾಲ್ಕಡಿ ಅಗಲ, ಗಾತ್ರಕ್ಕೇನೂ ಕಡಿಮೆಯಿಲ್ಲ. ಪೇಂಟರ್ ಜಬ್ಬಾರ್ ಸಾಹೇಬರು ನನಗೆ ಹಳದಿ ಬಣ್ಣ ಬಳಿದು, 'ಎಚ್ಚರಿಕೆ. ಹುಲ್ಲಿನ ಮೇಲೆ ಕೂರಬೇಡಿ. ಉಣುಗು ಕಚ್ಚಿದರೆ ಜ್ವರ ಬರುತ್ತದೆ' ಎಂದು ಕೆಂಪಕ್ಷರದಲ್ಲಿ ಬರೆದರು. ಕೆಳಗೆ ಉಣುಗಿನ ಚಿತ್ರ. ರಕ್ತ ಹೀರುವ, ಸಾಸಿವೆಯಷ್ಟಿರುವ ಹುಳವನ್ನು ಮೊರದಷ್ಟು ಬರೆದುಬಿಟ್ಟರು ಪುಣ್ಯಾತ್ಮರು.

ನನ್ನನ್ನು ಬರೆಸಿ ಊರಿನ ಪಾರ್ಕಿನಲ್ಲಿ ನಿಲ್ಲಿಸಿದವಳು ಆರೋಗ್ಯ ಇಲಾಖೆಯ ವನಮಾಲಾ. ಅವಳ ಸಂಕಟ ಅವಳಿಗೆ. ಅವಳ ಮಾವ, ರಿಟೈರ್ಡ್ ಪೋಸ್ಟ್‌ಮ್ಯಾನ್ ಚನ್ನವೀರಪ್ಪ, ಹೋದ ವರ್ಷ ಇದೇ ಹುಲ್ಲಿನಲ್ಲಿ ಉಣುಗು ಕಚ್ಚಿಸಿಕೊಂಡು, ಹನ್ನೆರಡು ದಿನ ಆಸ್ಪತ್ರೆಯಲ್ಲಿದ್ದು, ಯಮನ ಮನೆ ಬಾಗಿಲು ತಟ್ಟಿ ಬಂದಿದ್ದರು. ಬಂದವರೇ ಮೂವರು ಗೆಳೆಯರ ಜೊತೆ ಮತ್ತೆ ಅಲ್ಲೇ ಇಸ್ಪೀಟಿಗೆ ಕೂತರು.

"ಬೆಂಚ್ ಮೇಲೆ ಕೂತ್ಕೊಳ್ಳಿ ಮಾವ, ನಿಮ್ ದಮ್ಮಯ್ಯ."

"ಸಾಲಾಗಿ ಕೂತ್ರೆ ಎಲೆ ಎಲ್ಲಿ ಹಾಕೋದಮ್ಮ? ಪಕ್ಕದೋನು ನನ್ ಕೈ ನೋಡ್ತಾನೆ."

ದಿನಾ ಸಂಜೆ ಅವಳು ಮಾವನನ್ನು ಪಾರ್ಕಿನ ಗೇಟಿನಲ್ಲೇ ನಿಲ್ಲಿಸಿ, ಪಂಚೆ ಮೇಲೆತ್ತಿಸಿ, ಕಾಲಿನಿಂದ ಮೂರೋ ನಾಲ್ಕೋ ಉಣುಗು ಕೀಳುತ್ತಿದ್ದಳು. ಮತ್ತೆ ಜ್ವರ ಬಂದರೆ ಈ ವಯಸ್ಸಿಗೆ ತಡೆಯುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

ನಾನೋ, ನಿಂತೇ ಇದ್ದೆ. ಯಾರಾದರೂ ಓದಿದರೆ ಕೇಳಿ. "ನೋಡು ಪುಟ್ಟಿ, ಏಡಿ" ಎಂದು ಒಬ್ಬ ತಾಯಿ ಮಗುವಿಗೆ ತೋರಿಸಿದಳು. ಚನ್ನವೀರಪ್ಪನವರಂತೂ ನನ್ನ ಮೂಲೆಗೆ ಕೊಡೆ ನೇತುಹಾಕುತ್ತಿದ್ದರು.

ಒಂದು ಮಧ್ಯಾಹ್ನ ಗಾಳಿಮಳೆಗೆ ಕಂಬ ಮುರಿದು ಮಕಾಡೆ ಬಿದ್ದೆ. ಸಂಜೆ ಬಂದ ನಾಲ್ವರು, ಹುಲ್ಲು ಒದ್ದೆಯಾಗಿದೆಯೆಂದು, ನನ್ನ ಬೆನ್ನ ಮೇಲೇ ಚಕ್ಕಳಮಕ್ಕಳ ಹಾಕಿ ಕೂತರು. ಕೂರಬೇಡಿ ಎಂದವನ ಮೇಲೇ ಕೂರುವುದೆಂದರೆ! ನನಗೆ ಅಳುವೇ ಬಂತು.

"ಜಮಖಾನಕ್ಕಿಂತ ವಾಸಿ ಕಣ್ರಯ್ಯಾ" ಎಂದರು ಚನ್ನವೀರಪ್ಪ.

ಅಂದಿನಿಂದ ಅದೇ ಅವರ ಜಾಗವಾಯಿತು. ಇತ್ತ ಗೇಟಿನಲ್ಲಿ ವನಮಾಲಾ ವಾರವಿಡೀ ಹುಡುಕಿದರೂ ಮಾವನ ಕಾಲಲ್ಲಿ ಒಂದು ಉಣುಗೂ ಸಿಗಲಿಲ್ಲ. ಅನುಮಾನದಿಂದ ಒಳಗೆ ಬಂದವಳು ನನ್ನನ್ನೂ ನನ್ನ ಮೇಲಿದ್ದ ನಾಲ್ವರನ್ನೂ ನೋಡಿದಳು. ಹಿಂದೆಯೇ ಮಾಲಿ ಹೊಸ ಕಂಬ ಹೊತ್ತು ಬಂದ.

"ಎತ್ತಿ ನಿಲ್ಲಿಸ್ಲಾ ಮೇಡಂ?"

ಅವಳು ಬಗ್ಗಿ ಮಾವನ ಕಾಲನ್ನು ಇನ್ನೊಮ್ಮೆ ನೋಡಿದಳು.

"ಬೇಡ, ಹೀಗೇ ಇರ್ಲಿ. ಇನ್ನೆರಡು ಬರೆಸಿ ಪಕ್ಕಕ್ಕೇ ಹಾಕಿಸ್ತೀನಿ."

ಈಗ ನನಗೆ ವಯಸ್ಸಾಗಿದೆ, ಅಂಚೆಲ್ಲ ತುಕ್ಕು. ನಿಂತು ಕಾಯಲಾಗದಿದ್ದ ಜೀವವನ್ನು ಬಿದ್ದು ಕಾಯುತ್ತಿದ್ದೇನೆ, ಆ ಸಂತೋಷವಿದೆ. ಅಕ್ಷರಗಳೆಲ್ಲ ಹುಲ್ಲಿನ ಕಡೆಗೇ ಮುಖ ಮಾಡಿವೆ. ಓದುವುದಿದ್ದರೆ ಇನ್ನು ಉಣುಗುಗಳೇ ಓದಬೇಕು. ಅವೂ ಚಿತ್ರ ನೋಡಿ ಏಡಿ ಅನ್ನದಿದ್ದರೆ ಸಾಕು.