ಕುರಿಗಳ ಪುಟ

ಪ್ರಕಟಣೆಯನ್ನು ಮೊದಲು ನೋಡಿದವಳು ನನ್ನ ತಂಗಿ. ಪತ್ರಿಕೆಯ ಒಳಪುಟದಲ್ಲಿ, ಟೆಂಡರುಗಳ ನಡುವೆ, ಅಂಗೈಯಷ್ಟು ಜಾಗದಲ್ಲಿ ಅಚ್ಚಾಗಿತ್ತು. ಅವಳು ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿಕೊಂಡು ಗಟ್ಟಿಯಾಗಿ ಓದಿದಳು.

"ರೈತರ ವಾರ್ಷಿಕ ಸಮೀಕ್ಷೆಯನ್ನು ಇನ್ನು ಮುಂದೆ ದೂರವಾಣಿಯ ಬದಲು ಮೊಬೈಲ್ ಫಾರಂ ಮೂಲಕ ನಡೆಸಲು ಇಲಾಖೆಯು ಉದ್ದೇಶಿಸಿದೆ. ಈ ಬಗ್ಗೆ ರೈತರೂ ಸಾರ್ವಜನಿಕರೂ ಸಭೆಗೆ ಬಂದು ಅಭಿಪ್ರಾಯ ತಿಳಿಸಬಹುದು. ಸಮೀಕ್ಷೆಯಲ್ಲಿರುವ ಎಲ್ಲ ರೈತರಿಗೂ ಪತ್ರ ಕಳಿಸಲಾಗಿದೆ." ಪತ್ರಿಕೆ ಮಡಚಿದಳು. "ನೋಡಕ್ಕ, ನಿನ್ನ ಕೆಲಸಕ್ಕೇ ಕಲ್ಲು ಹಾಕ್ತಿದಾರೆ."

"ನಾನು ರಿಟೈರ್ ಆಗಿ ನಾಲ್ಕು ವರ್ಷ ಆಯ್ತು. ನನಗೇನಂತೆ?"

"ಏನಿಲ್ಲದೇನೇ ಟೀಗೆ ಮೂರನೇ ಸಲ ಸಕ್ಕರೆ ಹಾಕ್ತಿದೀಯಾ?"

ನಾನು ಚಮಚ ಕೆಳಗಿಟ್ಟೆ.

ಇಪ್ಪತ್ತಾರು ವರ್ಷ ನಾನು ಆ ಇಲಾಖೆಯಲ್ಲಿ ಫೋನಿನಲ್ಲಿ ರೈತರಿಗೆ ಪ್ರಶ್ನೆ ಕೇಳುವ ಕೆಲಸ ಮಾಡಿದವಳು. ಎರಡನೆಯ ಮಹಡಿಯಲ್ಲಿ ಉದ್ದನೆಯ ಕೋಣೆ, ಹನ್ನೆರಡು ಮೇಜು, ನಡುನಡುವೆ ಎದೆಯೆತ್ತರದ ಹಲಗೆ. ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು, ಫಾರಂನಲ್ಲಿ ಅಚ್ಚಾಗಿರುವುದನ್ನು ಅಚ್ಚಾದ ಹಾಗೆಯೇ ಓದಬೇಕು. ಎಷ್ಟು ಎಕರೆ, ಯಾವ ಬೆಳೆ, ಮನೆಯವರು ಎಷ್ಟು ಜನ ಹೊಲದಲ್ಲಿ ದುಡಿಯುತ್ತೀರಿ. ನಮ್ಮ ಹೆಸರು ಹೇಳುವಂತಿಲ್ಲ. ಫಾರಂನಲ್ಲಿ ಇಲ್ಲದ ಮಾತು ಆಡುವಂತಿಲ್ಲ. ವರ್ಷಕ್ಕೊಮ್ಮೆ ಒಂದು ಪ್ರಮಾಣಪತ್ರಕ್ಕೆ ಸಹಿ ಹಾಕಬೇಕಿತ್ತು: ಸಮೀಕ್ಷೆಯಿಂದ ಗೊತ್ತಾದ ಯಾವ ವಿಳಾಸವನ್ನೂ ಯಾವ ನಂಬರನ್ನೂ ಸ್ವಂತಕ್ಕೆ ಬಳಸುವುದಿಲ್ಲ, ಕೆಲಸ ಬಿಟ್ಟ ಮೇಲೂ ಬಳಸುವುದಿಲ್ಲ ಎಂದು. ನಾನು ಇಪ್ಪತ್ತಾರು ಸಲ ಸಹಿ ಹಾಕಿದ್ದೇನೆ.

ಒಬ್ಬೊಬ್ಬರ ಪಾಲಿಗೆ ಮುನ್ನೂರು ರೈತರು. ದನಿ ಗುರುತಿದ್ದರೆ ರೈತರು ಫೋನ್ ಇಡುವುದಿಲ್ಲವೆಂದು ಪ್ರತಿ ವರ್ಷವೂ ಅದೇ ಮುನ್ನೂರನ್ನು ಕೊಡುತ್ತಿದ್ದರು. ಅವರಲ್ಲೊಬ್ಬರಿಗೆ ನಾವು 'ಬರ್ಕೊಳ್ಳಿ ಯಜಮಾನ್ರು' ಎಂದು ಹೆಸರಿಟ್ಟಿದ್ದೆವು. ಯಾವ ಅಂಕಿ ಹೇಳುವುದಕ್ಕೂ ಮುಂಚೆ ಅವರು "ಬರ್ಕೊಳ್ಳಿ" ಎನ್ನುತ್ತಿದ್ದರು, ನಾನು ಪೆನ್ನು ಹುಡುಕುತ್ತಿರಬಹುದೆಂದು ಒಂದು ಉಸಿರಿನಷ್ಟು ಕಾಯುತ್ತಿದ್ದರು, ಆಮೇಲೆ ಅಂಕಿ. ಮುನ್ನೂರು ಜನರಲ್ಲಿ ಹಾಗೆ ಕಾದವರು ಅವರೊಬ್ಬರೇ.

ಅವರು ನನ್ನ ಪಾಲಿಗೆ ಬಂದದ್ದು ನಾನು ಕೆಲಸಕ್ಕೆ ಸೇರಿದ ನಾಲ್ಕು ವರ್ಷದ ಮೇಲೆ. ಅವರ ಮೊದಲ ವರ್ಷವೇ ನಾನೊಂದು ತಪ್ಪು ಮಾಡಿದೆ. ಹೊಸ ಫಾರಂನ ಎರಡು ಹಾಳೆ ಅಂಟಿಕೊಂಡಿದ್ದವು. ಒಟ್ಟಿಗೇ ತಿರುವಿಬಿಟ್ಟೆ. ಜಾನುವಾರುಗಳ ಪುಟ ಖಾಲಿ ಉಳಿಯಿತು. ಮೇಲ್ವಿಚಾರಕಿ ಅದನ್ನು ಹಿಡಿದು, ಮರುದಿನ ಮತ್ತೆ ಫೋನ್ ಮಾಡಿ ಕೇಳಿ ತುಂಬಿಸು ಎಂದರು. ನಾನು ಅಂಜುತ್ತಲೇ ಮಾಡಿದೆ.

"ಕ್ಷಮಿಸಿ ಯಜಮಾನ್ರೇ, ಕುರಿಗಳನ್ನ ಕೇಳೋದು ಮರೆತಿದ್ದೆ."

ಆ ಕಡೆ ನಗು. "ಅಯ್ಯೋ, ನಾನೂ ಹಾಗೇ ಅಂದ್ಕೊಂಡೆ. ರಾತ್ರಿಯೆಲ್ಲ ಅವಕ್ಕೆ ಬೇಜಾರು ಮೇಡಂ, ಲೆಕ್ಕಕ್ಕೇ ಇಲ್ಲವಲ್ಲ ಅಂತ. ಬರ್ಕೊಳ್ಳಿ... ಇಪ್ಪತ್ತೆರಡು."

ಎರಡನೆಯ ವರ್ಷ ಹಾಳೆಗಳು ಅಂಟಿರಲಿಲ್ಲ. ನಾನೇ ಎರಡನ್ನೂ ಒಟ್ಟಿಗೆ ತಿರುವಿದೆ.

ಈಗ ಬರೆಯುವಾಗಲೂ ಕಿವಿ ಬಿಸಿಯಾಗುತ್ತದೆ. ಮರುದಿನ ಮತ್ತೆ ಫೋನ್ ಮಾಡಿದೆ, ಅದೇ ಮಾತು ಹೇಳಿದೆ. ಅವರು, "ಪರವಾಗಿಲ್ಲ ಮೇಡಂ, ಮರೆವು ಯಾರಿಗಿಲ್ಲ?" ಎಂದರು. ಮೂರನೆಯ ವರ್ಷವೂ ಮರೆತೆ. ಆಮೇಲೆ ಪ್ರತಿ ವರ್ಷವೂ. ಮೊದಲ ಕರೆಯ ಕೊನೆಯಲ್ಲಿ ಅವರಾದರೂ "ಕುರಿ ಕೇಳಲಿಲ್ಲವಲ್ಲ" ಎನ್ನಬಹುದಿತ್ತು. ಇಪ್ಪತ್ತೆರಡು ವರ್ಷದಲ್ಲಿ ಒಮ್ಮೆಯೂ ಅನ್ನಲಿಲ್ಲ.

ಹೀಗೆ ವರ್ಷಕ್ಕೆ ಎರಡು ಕರೆ. ಮೊದಲನೆಯದು ಇಪ್ಪತ್ತು ನಿಮಿಷ, ಎರಡನೆಯದು ಮೂರು. ಇದನ್ನು ಏನೆಂದು ಕರೆಯಬೇಕೋ ನನಗೆ ಗೊತ್ತಿಲ್ಲ. ಅವರ ಮುಖ ನೋಡಿಲ್ಲ. ನನ್ನ ಹೆಸರು ಅವರಿಗೆ ಗೊತ್ತಿಲ್ಲ. ನನಗೆ ಮದುವೆಯಾಗಲಿಲ್ಲ, ಅದರ ಕೊರಗೂ ಅಷ್ಟಾಗಿ ಇರಲಿಲ್ಲ. ಆದರೆ ಆ ಎರಡನೆಯ ಕರೆಯ ದಿನ ನಾನು ಇಸ್ತ್ರಿ ಮಾಡಿದ ಸೀರೆ ಉಡುತ್ತಿದ್ದೆ. ಫೋನಿಗೇನು ಕಣ್ಣಿದೆಯೇ? ತಂಗಿ ಬಾಗಿಲಲ್ಲಿ ನಿಂತು, "ಇವತ್ತು ಕುರಿ ಎಣಿಸೋ ದಿನ ಅಂತ ಕಾಣುತ್ತೆ" ಎನ್ನುತ್ತಿದ್ದಳು.

ಐದನೆಯ ವರ್ಷ, "ಮನೆಯವರು ಎಷ್ಟು ಜನ ದುಡಿಯುತ್ತೀರಿ" ಎಂದು ಓದಿದೆ. ಪ್ರತಿ ಸಲವೂ ಎರಡು ಎನ್ನುತ್ತಿದ್ದರು.

"ಬರ್ಕೊಳ್ಳಿ," ಎಂದರು. ಆ ಸಲ ಬಹಳ ಹೊತ್ತು ಕಾದರು. "ಒಂದು."

ಯಾರು ಹೋದರು, ಏನಾಯಿತು ಎಂದು ಕೇಳಲು ಫಾರಂನಲ್ಲಿ ಜಾಗವಿಲ್ಲ. ಸಮಾಧಾನ ಹೇಳಲೂ ಇಲ್ಲ. ನಾನು ಒಂದು ಎಂದು ಬರೆದು ಸುಮ್ಮನೆ ಕೂತೆ. ಪಕ್ಕದ ಮೇಜಿನವಳು ಹಲಗೆಯ ಮೇಲಿಂದ ಬಗ್ಗಿ ನೋಡಿ, ಸದ್ದಿಲ್ಲದೆ ತನ್ನ ನೀರಿನ ಲೋಟವನ್ನು ನನ್ನ ಕಡೆ ಸರಿಸಿದಳು. ಎಷ್ಟು ಹೊತ್ತಾಯಿತೋ.

"ಲೈನಲ್ಲಿ ಇದೀರಾ ಮೇಡಂ?"

"ಇದೀನಿ."

"ಸಾಕು. ಮುಂದಿಂದು ಕೇಳಿ."

ಆಮೇಲೆ ಕುರಿಗಳು ಕಡಿಮೆಯಾಗುತ್ತ ಬಂದವು. ಒಬ್ಬರಿಂದ ಎಷ್ಟಾದೀತು? ಹದಿನೈದು, ಒಂಬತ್ತು, ನಾಲ್ಕು. ಜಾನುವಾರು ಇಲ್ಲ ಎಂದಾದರೆ ಆ ಪುಟವೇ ಬೇಡ, ಮುಂದಕ್ಕೆ ಹೋಗಿ ಎಂದು ಫಾರಂ ಹೇಳುತ್ತದೆ. ಸೊನ್ನೆ ಕೇಳುವ ವರ್ಷ ಬಂದೀತೆಂದು ನಾನು ಹೆದರುತ್ತಿದ್ದೆ. ನನ್ನ ಕೊನೆಯ ವರ್ಷ ಎರಡು ಇದ್ದವು.

ಆ ವರ್ಷ ಮೊದಲ ಕರೆಯ ಕೊನೆಗೆ, ಫಾರಂನ ಕಟ್ಟಕಡೆಯ ಪ್ರಶ್ನೆ ಓದಿದೆ: ಬೇರೆ ಏನಾದರೂ ಹೇಳುವುದಿದೆಯೇ?

"ಇದೆ. ಮುಂದಿನ ವರ್ಷ ಹೇಳ್ತೀನಿ ಬಿಡಿ."

ಮುಂದಿನ ವರ್ಷ ಈ ಕುರ್ಚಿಯಲ್ಲಿ ಬೇರೆಯವರಿರುತ್ತಾರೆ ಎಂದು ಹೇಳಬೇಕಿತ್ತು. ಮರುದಿನ ಕುರಿಗಳನ್ನು ಕೇಳುವಾಗ ಹೇಳೋಣ ಎಂದುಕೊಂಡೆ. ಮರುದಿನ, ಎರಡು ಎಂದು ಬರೆದುಕೊಂಡು, ವಂದನೆಗಳು ಎಂದು ಓದಿ, ಇಟ್ಟುಬಿಟ್ಟೆ. ಅವರ ನಂಬರು ನನ್ನ ಬೆರಳಿಗೇ ಗೊತ್ತಿದೆ. ಈ ನಾಲ್ಕು ವರ್ಷದಲ್ಲಿ ಎಷ್ಟೋ ಸಲ ಆರು ಅಂಕಿ ಒತ್ತಿ, ಆ ಇಪ್ಪತ್ತಾರು ಸಹಿ ನೆನಪಾಗಿ, ಫೋನನ್ನು ಕವುಚಿ ಇಟ್ಟಿದ್ದೇನೆ. ಏನು ಹೇಳಬೇಕೆಂದಿದ್ದರು ಎಂಬುದೊಂದು ಮಾತ್ರ ಎದೆಯಲ್ಲಿ ಮುಳ್ಳಿನ ಹಾಗೆ ಉಳಿದಿದೆ.

ಹಾಗಾಗಿ ಸಭೆಗೆ ಹೊರಟೆ. ಪತ್ರ ಅವರಿಗೂ ಹೋಗಿರುತ್ತದೆ. ಅವರಾಗಿ ಬಂದರೆ, ಆ ದನಿ ಇನ್ನೊಂದು ಸಲ ಕೇಳಿದರೆ ಸಾಕಿತ್ತು.

"ನಾನೂ ಬರ್ತೀನಿ," ಎಂದಳು ತಂಗಿ. "ಅಲ್ಲಿ ನೀನು ಗೊಳೋ ಅಂದರೆ ಕರ್ಚೀಫು ಕೊಡೋರು ಬೇಡವಾ?"

ಸಭೆ ನಮ್ಮ ಹಳೆಯ ಕಟ್ಟಡದ ನೆಲಮಹಡಿಯಲ್ಲಿ. ಎಂಬತ್ತು ಪ್ಲಾಸ್ಟಿಕ್ ಕುರ್ಚಿ, ಒಂದು ಮೈಕು, ಬಾಗಿಲಲ್ಲಿ ಅಭಿಪ್ರಾಯ ಬರೆಯಲು ಹಳದಿ ಕಾರ್ಡುಗಳು. ಈಗಿನ ಅಧಿಕಾರಿ ಒಂದು ಕಾಲದಲ್ಲಿ ನನ್ನ ಪಕ್ಕ ಕೂತು ಕೆಲಸ ಕಲಿತವಳು. ನನ್ನನ್ನು ಕಂಡದ್ದೇ ವೇದಿಕೆಯಿಂದ ಇಳಿದು ಬಂದಳು. "ಅಕ್ಕಾ, ಬಂದ್ರಾ! ಫ್ಯಾನಿನ ಕೆಳಗೆ ಬೇಡ, ನಿಮಗೆ ಕುತ್ತಿಗೆ ಹಿಡಿಯುತ್ತೆ," ಎಂದು ತಾನೇ ಕುರ್ಚಿ ಎತ್ತಿ ಹಿಂದಿನ ಸಾಲಿನ ಗೋಡೆ ಪಕ್ಕಕ್ಕೆ ಹಾಕಿದಳು. ಇಪ್ಪತ್ತು ವರ್ಷದ ಹಿಂದಿನ ನನ್ನ ಕುತ್ತಿಗೆ ನೋವು ಅವಳಿಗೆ ನೆನಪಿತ್ತು.

ರೈತರು ಒಬ್ಬೊಬ್ಬರಾಗಿ ಮಾತಾಡಿದರು. ನಾನು ಕಣ್ಣು ಮುಚ್ಚಿ ಕೇಳಿದೆ. ಮುಖ ನೋಡಿ ನನಗೇನೂ ಆಗಬೇಕಿರಲಿಲ್ಲ.

"ಮೊಬೈಲ್ ಫಾರಂ ಆದ್ರೆ ಒಳ್ಳೇದೇ," ಎಂದಿತು ಒಂದು ಗಂಡುದನಿ. "ನೀವು ಫೋನ್ ಮಾಡೋದು ಸರಿಯಾಗಿ ನಾನು ಟ್ರ್ಯಾಕ್ಟರ್ ಹತ್ತಿದಾಗಲೇ. ಎಲ್ಲಿಂದ ನೋಡ್ತಿರ್ತೀರಾ ಅಂತ?"

ಹಾಲು ಮಾರುವ ಹೆಂಗಸೊಬ್ಬಳು ಎದ್ದಳು. "ನನ್ನ ಹಳ್ಳಿಯಲ್ಲಿ ಸಿಗ್ನಲ್ ಬೇಕಂದ್ರೆ ನೀರಿನ ಟ್ಯಾಂಕ್ ಹತ್ತಬೇಕು. ಫಾರಂ ತುಂಬಿಸೋಕೆ ನನ್ನನ್ನ ಟ್ಯಾಂಕ್ ಹತ್ತಿಸ್ತೀರಾ?"

ಸಭೆ ನಕ್ಕಿತು. ಅಧಿಕಾರಿ ಬರೆದುಕೊಂಡಳು. ಹತ್ತು ಜನ, ಹದಿನೈದು ಜನ ಆದರು. ನಾನು ಕಾದ ದನಿ ಬರಲಿಲ್ಲ. ಟೀ ಬಂತು. ತಂಗಿ ಬಿಸ್ಕತ್ತನ್ನು ಮುರಿದು ಅರ್ಧ ನನ್ನ ತಟ್ಟೆಗಿಟ್ಟಳು. ಅವಳು ತಮಾಷೆ ಮಾಡದಿದ್ದುದರಿಂದಲೇ ನನ್ನ ಮುಖ ಹೇಗಿತ್ತೆಂದು ನನಗೆ ಗೊತ್ತಾಯಿತು.

"ಕೊನೆಯವರು ಯಾರಾದರೂ?" ಎಂದಳು ಅಧಿಕಾರಿ.

"ಬರ್ಕೊಳ್ಳಿ!"

ಮೈಕಿಲ್ಲದೆಯೇ ಆ ಮಾತು ಗೋಡೆಗೆ ಬಡಿಯಿತು. ಅಷ್ಟು ಜೋರು. ನಾನು ಕಣ್ಣು ಬಿಟ್ಟೆ. ಮುಂದಿನ ಸಾಲಿನಲ್ಲಿ ಒಬ್ಬ ಎತ್ತರದ ಮುದುಕರು ಎದ್ದು ನಿಂತಿದ್ದರು. ತೊಳೆದು ತೊಳೆದು ಬಣ್ಣ ಹೋದ ಕೋಟು, ಕತ್ತಿನ ಹಿಂದೆ ಬಿಸಿಲಿನ ಗೆರೆಗಳು. ಅಧಿಕಾರಿ ಪೆನ್ನು ಎತ್ತುವವರೆಗೆ ಒಂದು ಉಸಿರಿನಷ್ಟು ಕಾದರು.

"ನನಗೆ ಎರಡು ವರ್ಷದಿಂದ ಕಿವಿ ಪೂರ್ತಿ ಕೈಕೊಟ್ಟಿದೆ. ನಾನು ಕಿರುಚ್ತಿದೀನಾ ಪಿಸುಗುಟ್ತಿದೀನಾ ನನಗೇ ತಿಳಿಯಲ್ಲ, ಬೇಜಾರು ಮಾಡ್ಕೋಬೇಡಿ. ನಿಮ್ಮ ಫೋನು ಇನ್ನು ನನ್ನ ಉಪಯೋಗಕ್ಕೆ ಬರಲ್ಲ. ಆದರೂ ಅದನ್ನ ನಿಲ್ಲಿಸಬೇಡಿ ಅಂತ ಹೇಳೋಕೆ ಎರಡು ಬಸ್ ಬದಲಾಯಿಸಿ ಬಂದಿದೀನಿ."

ಪಕ್ಕದಲ್ಲಿದ್ದ ಹೆಣ್ಣುಮಗಳು ಅವರ ತೋಳು ಹಿಡಿದು, ಒಂದು ಪುಟ್ಟ ಪುಸ್ತಕದಲ್ಲಿ ಏನೋ ಬರೆದು ತೋರಿಸಿದಳು. ಅವರು ಓದಿ ತಲೆಯಾಡಿಸಿದರು. "ಮೆತ್ತಗೆ ಮಾತಾಡು ದೊಡ್ಡಪ್ಪ ಅಂತಿದಾಳೆ. ನನ್ನ ತಮ್ಮನ ಮಗಳು. ಈಗ ನಾನು ಕೇಳಿಸಿಕೊಳ್ಳೋದೆಲ್ಲ ಇವಳ ಪುಸ್ತಕದಲ್ಲೇ."

ಎಲ್ಲರೂ ನಕ್ಕರು. ಅವರೂ ನಕ್ಕರು, ಸ್ವಲ್ಪ ತಡವಾಗಿ.

"ಆ ಮೊಬೈಲ್ ಫಾರಂ ನೋಡಿದೆ. ಚೆನ್ನಾಗಿದೆ. ಒಂದು ಪ್ರಶ್ನೆ ಬಿಟ್ಟರೆ ಮುಂದಕ್ಕೇ ಹೋಗೋಕೆ ಬಿಡಲ್ಲ. ಏನನ್ನೂ ಮರೆಯಲ್ಲ. ಅದೇ ಅದರ ದೋಷ. ಬರ್ಕೊಳ್ಳಿ, ಅದೇ ದೋಷ."

ಅಧಿಕಾರಿಗೆ ಅರ್ಥವಾಗಲಿಲ್ಲ. "ಮರೆಯದೇ ಇರೋದು ದೋಷವಾ?" ಎಂದಳು. ಹುಡುಗಿ ಅದನ್ನು ಬರೆದು ತೋರಿಸಿದಳು.

"ಹೌದು," ಎಂದು ಅವರು ಕೂತುಬಿಟ್ಟರು.

ನನ್ನ ಗುಟ್ಟನ್ನು ಅವರು ಆ ಎಂಬತ್ತು ಕುರ್ಚಿಗಳ ಎದುರಿಗೂ ಬಿಟ್ಟುಕೊಡಲಿಲ್ಲ.

ಜನ ಏಳತೊಡಗಿದರು. ನಾನು ಕೂತೇ ಇದ್ದೆ. ದನಿ ಕೇಳಿದರೆ ಸಾಕು ಎಂದುಕೊಂಡು ಬಂದವಳು ನಾನು. ಕೇಳಿಯೂ ಆಯಿತು. ಈಗ ಅದು ಸಾಲದು. ಇಪ್ಪತ್ತೆರಡು ವರ್ಷ ಅವರಿಗೆ ನಾನೆಂದರೆ ಒಂದು ದನಿ, ಅಷ್ಟೇ. ಆ ದನಿಯನ್ನೇ ಇನ್ನು ಅವರು ಕೇಳಲಾರರು. ಎದುರಿಗೆ ಹೋಗಿ ನಿಂತು ನಮಸ್ಕಾರ ಎಂದರೂ ಯಾರೋ ಒಬ್ಬ ಮುದುಕಿ ಬಾಯಿ ಆಡಿಸಿದಂತೆ ಕಾಣುತ್ತದೆ.

"ಹೋಗಕ್ಕ," ಎಂದು ತಂಗಿ ಮೊಣಕೈಯಲ್ಲಿ ತಿವಿದಳು. "ಬಸ್ಸು ಹಿಡೀತಾರೆ ಅವರು."

"ಸಹಿ ಹಾಕಿದೀನಲ್ಲೇ."

ಕುರ್ಚಿ ಜೋಡಿಸುತ್ತಿದ್ದ ಅಧಿಕಾರಿಯ ಹತ್ತಿರ ಹೋದೆ. ಸಮೀಕ್ಷೆಯಿಂದ ಗುರುತಾದವರನ್ನು ಇಲ್ಲಿ ಮಾತಾಡಿಸಿದರೆ ಪ್ರಮಾಣ ಮುರಿದಂತಾಗುತ್ತದೆಯೇ ಎಂದು ಕೇಳಿದೆ. ಅವಳು ನನ್ನನ್ನು ನೋಡಿದಳು, ಮುಂದಿನ ಸಾಲನ್ನು ನೋಡಿದಳು. ಪಾಪ, ಯಾಕೆ ಎಂದು ಕೇಳಲಿಲ್ಲ.

"ಅಕ್ಕಾ, ಇದು ಸಾರ್ವಜನಿಕ ಸಭೆ. ಅವರಾಗೇ ಬಂದಿದಾರೆ. ಇಲ್ಲಿ ಯಾರು ಯಾರಿಗೆ ಬೇಕಾದ್ರೂ ಏನು ಬೇಕಾದ್ರೂ ಹೇಳಬಹುದು." ಹಳದಿ ಕಾರ್ಡೊಂದನ್ನೂ ತನ್ನ ಪೆನ್ನನ್ನೂ ನನ್ನ ಕೈಗಿಟ್ಟಳು. "ಅಭಿಪ್ರಾಯ ತಿಳಿಸೋಕೆ ತಾನೇ ಕರೆದಿರೋದು?"

ಗೋಡೆಗೆ ಕಾರ್ಡು ಒತ್ತಿ ಹಿಡಿದು ಬರೆದೆ. ಗೋಡೆ ಒರಟಾಗಿದ್ದು ಮೊದಲ ಅಕ್ಷರ ಸೊಟ್ಟಗಾಯಿತು. ಅವರು ಬಾಗಿಲ ಹತ್ತಿರ ಬಂದಿದ್ದರು. ಹುಡುಗಿ ಅವರ ಕೋಟಿನ ಗುಂಡಿ ಹಾಕುತ್ತಿದ್ದಳು. ನಾನು ಹೋಗಿ ಎದುರಿಗೆ ನಿಂತು ಕಾರ್ಡು ಚಾಚಿದೆ.

ಅವರು ಕಾರ್ಡನ್ನು ಕಣ್ಣಿನಿಂದ ದೂರ ಹಿಡಿದು ಓದಿದರು.

'ಕ್ಷಮಿಸಿ ಯಜಮಾನ್ರೇ, ಕುರಿಗಳನ್ನ ಕೇಳೋದು ಮರೆತಿದ್ದೆ.'

ಓದಿದವರು ತಲೆ ಎತ್ತಲಿಲ್ಲ. ಇನ್ನೊಮ್ಮೆ ಓದಿದರು. ಹೆಬ್ಬೆರಳಿನಿಂದ ಆ ಸೊಟ್ಟ ಅಕ್ಷರವನ್ನು ಸವರಿದರು. ಆಮೇಲೆ ನನ್ನನ್ನು ನೋಡಿದರು: ಮೊದಲು ಮುಖ, ಆಮೇಲೆ ಬಿಳಿ ಕೂದಲು, ಆಮೇಲೆ ಇಸ್ತ್ರಿ ಮಾಡಿದ ಸೀರೆ.

"ದೊಡ್ಡಪ್ಪ, ಯಾರಿವರು?" ಎಂದಳು ಹುಡುಗಿ. ಬರೆದು ತೋರಿಸುವುದನ್ನು ಮರೆತಿದ್ದಳು.

ಅವರು ನನ್ನ ಕೈಯಲ್ಲಿದ್ದ ಪೆನ್ನಿನ ಕಡೆ ಕಣ್ಣು ಹಾಯಿಸಿದರು. ಕಾರ್ಡನ್ನು ತಿರುವಿ, ಖಾಲಿ ಬದಿ ಮೇಲೆ ಮಾಡಿ ನನಗೆ ವಾಪಸ್ಸು ಕೊಟ್ಟರು.

"ಬರ್ಕೊಳ್ಳಿ," ಎಂದರು. ಈ ಸಲ ಆ ದನಿ ಜೋರಾಗಿರಲಿಲ್ಲ, ಫೋನಿನಲ್ಲಿ ಕೇಳುತ್ತಿದ್ದಷ್ಟೇ ಇತ್ತು. ಕಾದರು. ನಾನು ಪೆನ್ನನ್ನು ಕಾರ್ಡಿನ ಮೇಲಿಟ್ಟೆ.

"ಒಂದು. ಎಲ್ಲ ಮಾರಿಬಿಡು ಅಂತ ಇವಳು ನಾಲ್ಕು ವರ್ಷದಿಂದ ಪ್ರಾಣ ತಿಂತಿದಾಳೆ. ಒಂದು ಉಳಿಸ್ಕೊಂಡಿದೀನಿ ಮೇಡಂ. ನೀವು ಮರೆಯೋಕೆ ಒಂದಾದ್ರೂ ಬೇಕಲ್ಲ."

ನಾನು ಬರೆದುಕೊಂಡೆ. ಅದರ ಕೆಳಗೆ ಫಾರಂನ ಕಟ್ಟಕಡೆಯ ಪ್ರಶ್ನೆಯನ್ನು, ಅಚ್ಚಾದ ಹಾಗೆಯೇ, ನಿಧಾನವಾಗಿ ಬರೆದು ಅವರ ಕಡೆ ತಿರುಗಿಸಿದೆ.