ರಾತ್ರಿ ಸಾಯುವ ಬ್ಯಾಟರಿ

ಸಿರುಮುಗೈಯ ರೇಷ್ಮೆ ಸೀರೆ ವ್ಯಾಪಾರಿ ತಿರುಮಲೈಸಾಮಿ ತೀರಿಕೊಂಡು ಇಪ್ಪತ್ತು ದಿನವಾಗಿತ್ತು. ಅಷ್ಟರಲ್ಲಿ ಅವರ ಕಾರಿನ ಬ್ಯಾಟರಿ ಮೂರು ಸಲ ಸತ್ತಿತ್ತು. ಡ್ರೈವರ್ ಮೈಲ್‌ಸಾಮಿಗೆ ಈ ಎರಡನೆಯದರ ಭಯವೇ ಹೆಚ್ಚು. ಮನುಷ್ಯ ಹೋದರೆ ಒಂದೇ ಸಲ ಹೋಗುತ್ತಾನೆ, ಮುಗಿಯಿತು. ಇದು ಸಂಜೆ ಗಟ್ಟಿಮುಟ್ಟಾಗಿದ್ದು ಬೆಳಗಾಗುವಷ್ಟರಲ್ಲಿ ಹೆಣವಾಗಿರುತ್ತಿತ್ತು.

ಮೊದಲಾಳಿಯ, ಅಂದರೆ ಆ ಧಣಿಯ, ಮಗಳು ರಂಗನಾಯಕಿ ಹೆರಿಗೆಗೆ ತವರಿಗೆ ಬಂದಿದ್ದಳು. ದಿನ ತುಂಬಿತ್ತು. ಮಗು ಅಡ್ಡ ತಿರುಗಿದೆ, ನೋವು ಬಂದ ಕೂಡಲೇ ಕೊಯಮತ್ತೂರಿಗೆ ಕರೆತರಬೇಕು, ತಡವಾದರೆ ಇಬ್ಬರೂ ಉಳಿಯುವುದಿಲ್ಲ ಎಂದು ಡಾಕ್ಟರಮ್ಮ ಹೇಳಿಬಿಟ್ಟಿದ್ದರು. ಬ್ಯಾಟರಿ ಪೂರ್ತಿ ಇಳಿದರೆ ಆ ಕಾರಿಗೆ ಕಿಡಿಯೇ ಹುಟ್ಟದು; ಮುಂದೆ ನಿಂತು ಹ್ಯಾಂಡಲ್ ತಿರುಗಿಸಿದರೆ ತೋಳು ಬೀಳುವುದಷ್ಟೇ ಲಾಭ.

ಮೈಲ್‌ಸಾಮಿಯ ಎದೆಯಲ್ಲಿ ಇನ್ನೊಂದು ಮುಳ್ಳಿತ್ತು. ಎದೆನೋವೆಂದ ಮೊದಲಾಳಿಯನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಕೊಯಮತ್ತೂರಿನ ಆಸ್ಪತ್ರೆಗೆ ಹೊರಟವನು ಅವನೊಬ್ಬನೇ. ಕಾರಮಡೈ ಹತ್ತಿರ ತಿರುಗಿ ನೋಡಿದರೆ ಅವರು ಕಣ್ಣು ಮುಚ್ಚಿದ್ದರು. ನೋವು ತಗ್ಗಿ ನಿದ್ದೆ ಹತ್ತಿದೆ ಅಂದುಕೊಂಡು ಕಾಫಿ ಕುಡಿಯಲು ಇಳಿದ. ಮರಳಿ ಬಂದಾಗ ಉಸಿರಿರಲಿಲ್ಲ. ಮನೆಯವರಿಗೆ ಮಾತ್ರ, ಆಸ್ಪತ್ರೆ ಸೇರಿದ ಮೇಲೆ ಹೋದರು ಎಂದ.

ಆ ಮನೆತನದಲ್ಲಿ ಉಸಿರು ನಿಂತ ಜಾಗದಲ್ಲೇ ಒಂದು ಮಂಡಲ, ಅಂದರೆ ನಲವತ್ತೆಂಟು ದಿನ, ಸಂಜೆಯಿಂದ ಬೆಳಗಿನ ತನಕ ದೀಪ ಉರಿಯಬೇಕು. ಇಲ್ಲದಿದ್ದರೆ ಹೋದವರು ದಾರಿ ಕಾಣದೆ ಅಲ್ಲೇ ಕೂತಿರುತ್ತಾರಂತೆ. ಆಸ್ಪತ್ರೆಯಲ್ಲಿ ದೀಪ ಇಡಲು ಯಾರು ಬಿಡುತ್ತಾರೆ? ಹೆಣ ಮಲಗಿಸಿದ್ದ ಹಜಾರದಲ್ಲೇ ಇಟ್ಟರು. ಅದು ಇರಬೇಕಾದ ಜಾಗ ಗೊತ್ತಿದ್ದವನು ಬಾಯಿಗೆ ಬೀಗ ಜಡಿದುಕೊಂಡಿದ್ದ.

ಹಾಗೆಂದು ಕೆಲಸದಲ್ಲಿ ಅವನು ಕಳ್ಳನಲ್ಲ. ಎರಡು ಸಲ ಬ್ಯಾಟರಿಯನ್ನು ಬಸ್ಸಿನ ಮೇಲೆ ಹಾಕಿಕೊಂಡು ಹೋಗಿ ಚಾರ್ಜ್ ಮಾಡಿಸಿ ತಂದಿದ್ದ. ಮೂರನೆಯ ಸಲವೂ ಚಾರ್ಜ್ ಮಾಡಿಸಿ ತಂದವನು ಹಗಲೆಲ್ಲ ಬಾನೆಟ್ಟಿನೊಳಗೆ ತಲೆ ತೂರಿಸಿ ಕೂತ. ನೀರು ಸರಿಯಾಗಿತ್ತು. ಒಂದು ತುದಿಯ ವೈರು ಬಿಚ್ಚಿ ಮೆಲ್ಲಗೆ ಮುಟ್ಟಿಸಿ ನೋಡಿದ. ಎಲ್ಲಾದರೂ ಕರೆಂಟು ಸೋರುತ್ತಿದ್ದರೆ ಸಣ್ಣ ಕಿಡಿ ಹಾರಬೇಕು. ಹಾರಲಿಲ್ಲ. ಹಗಲಿನಲ್ಲಿ ಆ ಕಾರು ಹಸುವಿನಷ್ಟು ಸಾಧು.

ನಾಲ್ಕು ಗಂಟೆಗೆ ಮನೆಗೆ ಹೊರಡುವಾಗ ವೈರನ್ನು ಬಿಚ್ಚಿಟ್ಟೇ ಹೋದ. ಬೆಳಿಗ್ಗೆ ಬಂದು ಸಿಕ್ಕಿಸಿದರೆ ಒಂದೇ ಒತ್ತಿಗೆ ಎಂಜಿನ್ ಹತ್ತಿಕೊಂಡಿತು. ಅಲ್ಲಿಗೆ ಬ್ಯಾಟರಿಯ ತಪ್ಪಲ್ಲ. ರಾತ್ರಿ ಏನೋ ಬಂದು ಅದನ್ನು ಕುಡಿಯುತ್ತಿದೆ. ಸೀಟು ಒರೆಸಲು ಹಿಂದಿನ ಬಾಗಿಲು ತೆಗೆದವನು ಬಟ್ಟೆ ಹಿಡಿದು ಅಲ್ಲೇ ನಿಂತ. ನಿನ್ನೆ ತಾನೇ ತಟ್ಟಿ ಸಮ ಮಾಡಿದ್ದ ಸೀಟಿನಲ್ಲಿ, ಮೊದಲಾಳಿಯ ಜಾಗದ ಪಕ್ಕ, ಯಾರೋ ಬಹಳ ಹೊತ್ತು ಕೂತೆದ್ದ ಹಾಗೆ ತಗ್ಗು ಬಿದ್ದಿತ್ತು.

ಅಂದು ಬಸ್ಸಿನಲ್ಲಿ ಹೋಗಿ ಪೇಟೆ ಕೆಲಸ ಮುಗಿಸಿ ವೈರು ಬಿಚ್ಚಲು ಬರುವಷ್ಟರಲ್ಲಿ ದೀಪ ಹಚ್ಚಿ ನಾಲ್ಕೈದು ಗಂಟೆಯಾಗಿತ್ತು. ಶೆಡ್ಡಿನ ಬಾಗಿಲ ಸಂದಿಯಲ್ಲಿ ಹಳದಿ ಬೆಳಕು. ಕಾರಿನೊಳಗಿನ ಪುಟ್ಟ ಬಲ್ಬು ಉರಿಯುತ್ತಿತ್ತು. ಅದರ ಕೆಳಗೆ ಬಿಳಿ ಸೀರೆಯ ಆಕೃತಿಯೊಂದು ಅಲುಗಾಡದೆ ಕೂತಿತ್ತು. ಮೈಲ್‌ಸಾಮಿ ಬಾಗಿಲು ಹಿಡಿದು ಒಂದು ಹೆಜ್ಜೆ ಹಿಂದೆ ಸರಿದ.

"ಬಾ ಮೈಲ್‌ಸಾಮಿ." ಹೊಸಿಲು ದಾಟಬಾರದ ಸೂತಕದಲ್ಲಿದ್ದ ಮೊದಲಾಳಿಯ ಹೆಂಡತಿ ಕಾಮಾಕ್ಷಿಯಮ್ಮ. "ನೆನ್ನೆ ಬೆಳಕೇ ಬರ್ಲಿಲ್ಲ. ರಾತ್ರಿಯೆಲ್ಲಾ ಅವ್ರನ್ನ ಕತ್ತಲಲ್ಲಿ ಕೂರಿಸ್ಬಿಟ್ಟೆ."

"ಅಮ್ಮಾ, ಅವ್ರು ಆಸ್ಪತ್ರೇಲಿ..."

"ಮೈ ತೊಳೆಯೋವಾಗ ಉಗುರು ಸಂದೀಲಿ ನಾರಿತ್ತು." ಅವರು ಸೀಟಿನ ಅಂಚಿನಡಿ ಬೆರಳು ತೂರಿಸಿದರು. ಅಲ್ಲಿ ತೊಗಲು ಹರಿದು ಒಳಗಿನ ತೆಂಗಿನ ನಾರು ಹೊರಬಂದಿತ್ತು. "ಆಸ್ಪತ್ರೆ ಮಂಚದಲ್ಲಿ ಇದು ಇರ್ತದಾ?"

ಇಪ್ಪತ್ತು ದಿನ ಅವನು ತನಗೆ ತಾನೇ ಹೇಳಿಕೊಂಡಿದ್ದು ಒಂದೇ ಸಮಾಧಾನ: ಮೊದಲಾಳಿ ನಿದ್ದೆಯಲ್ಲೇ ಹೋದರು. ನಿದ್ದೆಯಲ್ಲಿದ್ದವರು ತೊಗಲು ಹರಿಯುವುದಿಲ್ಲ.

ಅಷ್ಟರಲ್ಲಿ ಹಿತ್ತಲಿನಿಂದ ಅಡುಗೆಯ ಕಮಲಾತಾಳ್ ಕೂಗಿದ್ದು ಕೇಳಿತು, ರಂಗನಾಯಕಿಗೆ ನೋವು ಶುರುವಾಗಿದೆ ಎಂದು. ಅವನು ಬಲ್ಬಿನ ಗುಂಡಿಗೆ ಕೈ ಚಾಚಿದ. ಕಾಮಾಕ್ಷಿಯಮ್ಮ ಅದರ ಮೇಲೆ ಅಂಗೈ ಮುಚ್ಚಿದರು.

"ಮೊದ್ಲು ಹೇಳು. ಎಲ್ಲಿ?"

"ಕಾರಮಡೈಲಿ. ಕಣ್ಣು ಮುಚ್ಚಿದ್ರು. ನಿದ್ದೆ ಅಂತ ಕಾಫಿಗೆ ಇಳಿದೆ."

"ಎಷ್ಟು ಹೊತ್ತು?"

"ಐದು ನಿಮಿಷ."

ಅವರು ಕೈ ತೆಗೆಯಲಿಲ್ಲ. ಬಲ್ಬು ಕೆಂಪಗಾಗತೊಡಗಿತ್ತು.

"ಅರ್ಧ ಗಂಟೆ, ಅಮ್ಮಾ. ನಮ್ಮೂರವನೊಬ್ಬ ಸಿಕ್ಕಿದ. ಮಾತಾಡ್ತಾ ಇನ್ನೊಂದು ಕಾಫಿ ಕುಡಿದೆ."

ಕಾಮಾಕ್ಷಿಯಮ್ಮ ಒತ್ತಿದ ಗುಂಡಿ ಟಕ್ಕೆಂದಿತು. ಕತ್ತಲಾಯಿತು.

ಸ್ಟಾರ್ಟರ್ ಒಮ್ಮೆ ಮುಲುಗಿ ಸುಮ್ಮನಾಯಿತು. ಕಿಡಿಗಾಗುವಷ್ಟಾದರೂ ಉಳಿದಿರಲಪ್ಪಾ ಎಂದು ಮೈಲ್‌ಸಾಮಿ ಮುಂದೆ ಹೋಗಿ ಹ್ಯಾಂಡಲ್ ತಿರುಗಿಸಿದ. ಅಳುತ್ತಲೇ ತಿರುಗಿಸಿದ. ಐದನೆಯ ಸುತ್ತಿಗೆ ಎಂಜಿನ್ ಹತ್ತಿತು.

ರಂಗನಾಯಕಿಯನ್ನು ಎತ್ತಿ ತಂದು ಕೂರಿಸಿದರು. ಸೂತಕವನ್ನೂ ಲೆಕ್ಕಿಸದೆ ಕಾಮಾಕ್ಷಿಯಮ್ಮ ಹತ್ತಿದರು. ಗಂಡನ ಜಾಗವನ್ನು ಖಾಲಿ ಬಿಟ್ಟು, ಮಗಳನ್ನು ತಮ್ಮ ಕಡೆಗೆ ಒತ್ತಿ ಹಿಡಿದುಕೊಂಡರು. ಕಾರು ಬೀದಿಗಿಳಿಯುವಾಗ ಹಿಂದಿನಿಂದ ಅವರ ದನಿ ಬಂತು.

"ಇವಳು ಕಣ್ಣು ಮುಚ್ಚಿದ್ರೆ ನಿದ್ದೆ ಅಂದ್ಕೋಬೇಡ, ಮೈಲ್‌ಸಾಮಿ."