ಇಳಿಸುವ ಹೊತ್ತು

ಕೆಂಪಪ್ಪನ ಹೆಣಕ್ಕೆ ನೀರು ಹಾಕುವಾಗಲೂ ಸಂತೆ ಮೈದಾನದಿಂದ ಯಲ್ಲಪ್ಪನ ಬೈಗುಳ ಕೇಳುತ್ತಲೇ ಇತ್ತು.

"ಅತ್ತೇ! ನನ್ನ ಇಳಿಸೇ! ಮಾವನ ಮುಖ ನೋಡ್ಬೇಕು! ನಿನ್ನ ಮನೆ ಹಾಳಾಗ, ಇಳಿಸೇ!"

ಯಲ್ಲಪ್ಪ ಸೈಕಲ್ ಮೇಲಿದ್ದ. ಹಗ್ಗ ಕಟ್ಟಿದ ಕಣದೊಳಗೆ ಏಳು ಹಗಲು ಏಳು ರಾತ್ರಿ ನೆಲಕ್ಕೆ ಕಾಲಿಡದೆ ಸುತ್ತು ತುಳಿಯುತ್ತೇನೆಂದು ಶಿರಾಳಕೊಪ್ಪದ ಜನರೆದುರು ಹೂಮಾಲೆ ಹಾಕಿಸಿಕೊಂಡು ಹತ್ತಿದವನು. ಊಟ, ಕ್ಷೌರ, ತೂಕಡಿಕೆ ಎಲ್ಲ ಅದರ ಮೇಲೆಯೇ. ಉಳಿದದ್ದಕ್ಕೆ ಇಬ್ಬರು ಕಂಬಳಿ ಮರೆ ಹಿಡಿದು ಜೊತೆಗೆ ಓಡುತ್ತಿದ್ದರು. ಇವತ್ತಿಗೆ ಐದನೆಯ ದಿನ. ಅವನನ್ನು ಸಾಕಿ, ಸೈಕಲ್ ಕಲಿಸಿ, ಯಾವಾಗ ಗಂಜಿ, ಯಾವಾಗ ಬೆಲ್ಲದ ನೀರು ಎಂದು ಹಗ್ಗದ ಪಕ್ಕ ನಿಂತು ಹೇಳುತ್ತಿದ್ದ ಸೋದರಮಾವ ಕೆಂಪಪ್ಪ ಬೆಳಗಿನ ಜಾವ ಎದೆ ಹಿಡಿದುಕೊಂಡು ಮನೆಗೆ ಬಂದವನು ಮತ್ತೆ ಏಳಲಿಲ್ಲ.

ಹೋಗುವ ಮುಂಚೆ ಹೆಂಡತಿ ಹುಲಿಯಮ್ಮನ ಕೈ ಹಿಡಿದು ಹೇಳಿದ್ದ: "ನಾನು ಹೋದ್ರೂ ಅವನು ಇಳೀಬಾರ್ದು. ಏಳು ದಿನ ತುಂಬ್ಲಿ. ನನ್ನ ಜಾಗದಾಗೆ ನೀನು ನಿಂತ್ಕ."

ಸಾಯುವವನಿಗೇನು, ಹೇಳಿ ಹೋದ. ನಿಲ್ಲಬೇಕಾದವಳು ಇವಳು.

"ಮಣ್ಣು ಹಾಕೋಕಾದ್ರೂ ಇಳಿಸೇ ಮಾರಾಯ್ತಿ," ಎಂದಳು ಪಕ್ಕದ ಮನೆಯ ಗುಡ್ಡಮ್ಮ. "ಹೆತ್ತ ಮಗನಿಗಿಂತ ಹೆಚ್ಚಾಗಿ ಸಾಕಿದೋನಲ್ವಾ?"

"ಬೈತಾ ಅದಾನೆ. ಗಟ್ಟಿ ಅದಾನೆ."

"ನಿನ್ನ ಎದೆ ಕಲ್ಲೇನೇ?"

ಕಲ್ಲಾಗಿದ್ದರೆ ಎಷ್ಟೋ ವಾಸಿಯಿತ್ತು. ಓಡಿಹೋಗಿ ಆ ಹುಡುಗನನ್ನು ತಬ್ಬಿ ಅಳಬೇಕೆಂದು ಹುಲಿಯಮ್ಮನಿಗೆ ಮೈಯೆಲ್ಲ ತುಡಿಯುತ್ತಿತ್ತು. ಆದರೆ ಬಾಗಿಲಲ್ಲಿ ಆಟ ಏರ್ಪಡಿಸಿದ ಚಿಕ್ಕಬೀರಪ್ಪ ನಿಂತಿದ್ದ. ಸಾವಿನ ಮರ್ಯಾದೆಗೆ ಗ್ರಾಮಾಫೋನ್ ನಿಲ್ಲಿಸಿ ಬಂದಿದ್ದ. ಸೈಕಲ್ಲನ್ನಲ್ಲ.

"ಅಮ್ಮಾ, ಸುತ್ತ ಹಳ್ಳಿ ಜನ ಬುತ್ತಿ ಕಟ್ಕೊಂಡು ಬಂದು ಕೂತಾರೆ. ಈಗ ಇಳಿದ್ರೆ ಸೈಕಲ್ಲೂ ಮುರೀತಾರೆ, ಅವನ್ನೂ ಮುರೀತಾರೆ. ಆಮೇಲೆ ಯಾವ ಊರಾಗೂ ಅವನ್ನ ಯಾರೂ ಕರೆಯಂಗಿಲ್ಲ."

"ಗೊತ್ತೈತಿ ಹೋಗಪ್ಪ," ಎಂದಳು ಹುಲಿಯಮ್ಮ.

*

ಮಂಗನ ಕಾಯಿಲೆ ಬಂದು ಕ್ಯಾಸನೂರ ಕಾಡಿನಲ್ಲಿ ಮಂಗಗಳು ಸಾಯತೊಡಗಿದ್ದರ ಹಿಂದಿನ ವರ್ಷ ಸೊರಬದಲ್ಲಿ ಇದೇ ಆಟ. ಆಗ ತುಳಿದವನು ಜಡೆ ಊರಿನ ಪುಟ್ಟಪ್ಪ. ಮೊದಲೆಲ್ಲ ಗೋಗರೆದ, ಉಗಿದ, ಕೆಂಪಪ್ಪನ ಮೇಲೆ ಗಂಜಿ ಎರಚಿದ. ಆಮೇಲೆ ಒಂದು ಮಧ್ಯಾಹ್ನ ತೆಪ್ಪಗಾದ. ಎಲ್ಲರಿಗೂ ನಗುನಗುತ್ತ ಕೈ ಮುಗಿದ.

"ಕರು ನೊಗಕ್ಕೆ ಒಗ್ಗಿದಂಗೆ ಒಗ್ಗಿದ ಬಿಡು," ಎಂದು ಕೆಂಪಪ್ಪ ಬೀಡಿ ಹಚ್ಚಿದ್ದ. ಅದಕ್ಕೂ ಮುಂಚೆ ಎಷ್ಟೋ ಜನರನ್ನು ತುಳಿಸಿದ್ದವನು. ಸುಮ್ಮನಾದವನು ಪಳಗಿದ ಎಂದೇ ಅವನ ಲೆಕ್ಕ.

ಪುಟ್ಟಪ್ಪ ನಗುತ್ತಲೇ ಹಗ್ಗಕ್ಕೆ ನುಗ್ಗಿ ಬಿದ್ದ. ಗಾಡಿಯಲ್ಲಿ ಆಸ್ಪತ್ರೆಗೆ ಒಯ್ಯುವಾಗಲೇ ಹೋಗಿಬಿಟ್ಟ.

ಊರಿಗೆ ಬಂದ ಕೆಂಪಪ್ಪ ಬಾಡಿಗೆ ಸೈಕಲ್ ಅಂಗಡಿಯ ಬಾಗಿಲು ತೆಗೆಯದೆ ಎಷ್ಟೋ ದಿನ ಮಲಗಿದ್ದ. ಒಂದು ದಿನ ಊಟಕ್ಕೆ ಕೂತಾಗ ತುತ್ತು ಕೈಯಲ್ಲೇ ಹಿಡಿದು ಹೆಂಡತಿಗೆ ಹೇಳಿದ: "ಇಳಿಸು ಇಳಿಸು ಅಂತ ಬಡ್ಕಳೋತನಕ ಏನೂ ಆಗಂಗಿಲ್ಲ. ಬೈಯೋದು ಬಿಟ್ನೋ, ಆಗಲೇ ಇಳಿಸ್ಬೇಕು. ನಂಗದು ತಿಳೀಲಿಲ್ಲ ಕಣೇ."

"ನಂಗ್ಯಾಕೆ ಹೇಳ್ತೀರಿ?"

"ಮತ್ಯಾರಿಗೆ ಹೇಳ್ಲಿ?"

*

ಸುಡುಗಾಡಿನ ದಾರಿ ಮೈದಾನದ ಪಕ್ಕದಲ್ಲೇ. ಚಟ್ಟ ಅಲ್ಲಿಗೆ ಬಂದಾಗ ಹೊತ್ತವರು ತಾವಾಗಿಯೇ ನಿಂತರು. ಬೈಗುಳ ಬಂದೀತೆಂದು ಹುಲಿಯಮ್ಮ ಸೆರಗು ಬಾಯಿಗಿಟ್ಟು ಕಾದಳು.

ಯಲ್ಲಪ್ಪ ಸುತ್ತು ಬಂದ. ಚಟ್ಟ ನೋಡಿದ. ಅತ್ತೆಯನ್ನು ನೋಡಿ ಮುಖವೆಲ್ಲ ಅರಳಿಸಿದ.

"ಬರ್ರಿ ಅತ್ತೆ. ಊಟ ಆತ್ರಾ?"

"ನೋಡ್ರಿ, ಹೆಂಗೆ ಸಮಾಧಾನ ತಂದ್ಕೊಂಡ," ಎಂದ ಚಿಕ್ಕಬೀರಪ್ಪ. "ಇನ್ನೇನು, ಏಳೂ ದಿನ ಮುಗಿಸೇ ಮುಗಿಸ್ತಾನೆ."

ಹುಲಿಯಮ್ಮ ಹಗ್ಗದ ಹತ್ತಿರ ಓಡಿದಳು. "ಯಲ್ಲಪ್ಪಾ, ಇಳೀತೀಯೇನೋ?"

"ಬ್ಯಾಡ್ರಿ. ಆರಾಮ ಐತ್ರಿ."

"ಬೈಯೋ ನನ್ನ!"

"ಯಾಕ್ರಿ ಅತ್ತೆ?" ಎಂದು ನಕ್ಕು ಮುಂದೆ ಹೋದ.

ಅವನು ಮತ್ತೆ ಸುತ್ತಿ ಬರುವುದರೊಳಗೆ ಅವಳು ಹಗ್ಗದ ಕೆಳಗೆ ನುಸುಳಿ ಅಡ್ಡ ನಿಂತಿದ್ದಳು. ಎರಡೂ ಕೈಯಿಂದ ಹ್ಯಾಂಡಲ್ ಹಿಡಿದಳು. ಸೈಕಲ್ ಅವಳನ್ನು ನಾಲ್ಕು ಹೆಜ್ಜೆ ನೂಕಿಕೊಂಡು ಹೋಗಿ ನಿಂತಿತು.

"ಸತ್ತೋರ ಮಾತು ಮೀರ್ತೀರೇನಮ್ಮಾ!" ಚಿಕ್ಕಬೀರಪ್ಪ ಕೂಗಿದ.

"ಅವರು ಇದ್ದಿದ್ರೆ ಅವರೇ ಮೀರೋರು."

"ಮೋಸ! ಮೋಸ!" ಎಂದು ಜನ ಎದ್ದರು. ಯಾರೋ ಮಣ್ಣಿನ ಹೆಂಟೆ ಎಸೆದರು. ಅದು ಅವಳ ಬೆನ್ನಿಗೆ ಬಿತ್ತು. ಅವಳು ಯಲ್ಲಪ್ಪನ ಬೆರಳುಗಳನ್ನು ಹ್ಯಾಂಡಲ್ಲಿನಿಂದ ಒಂದೊಂದಾಗಿ ಬಿಡಿಸುತ್ತಿದ್ದಳು. ಇಬ್ಬರು ಕಂಕುಳಿಗೆ ಕೈಕೊಟ್ಟು ಅವನನ್ನು ಇಳಿಸಿ ಚಟ್ಟದ ಹತ್ತಿರ ತಂದರು.

"ಹೆಗಲು ಕೊಡಪ್ಪ, ನಿಮ್ಮ ಮಾವ," ಎಂದಳು.

ಯಲ್ಲಪ್ಪ ಚಟ್ಟದ ಮುಂದಿನ ಬಿದಿರಿಗೆ ಹೆಗಲು ಕೊಟ್ಟ. ನಾಲ್ಕು ಹೆಜ್ಜೆ ಹೋಗುವುದರಲ್ಲಿ ಚಟ್ಟ ಎಡಕ್ಕೆ ವಾಲಿತು.

"ನೆಟ್ಟಗೆ ನಡಿಯೋ," ಎಂದ ಜೊತೆಗೆ ಹೊತ್ತಿದ್ದ ಮಂಜಪ್ಪ.

ಯಲ್ಲಪ್ಪ ನೆಟ್ಟಗೇ ನಡೆಯುತ್ತಿದ್ದೇನೆಂದುಕೊಂಡಿದ್ದ. ಅಷ್ಟು ದಿನ ಎಡಕ್ಕೇ ತಿರುಗಿದ ಕಾಲು ಮತ್ತೆ ಎಡಕ್ಕೇ ಎಳೆಯಿತು. ಮಂಜಪ್ಪ ಹುಲಿಯಮ್ಮನ ಮುಖ ನೋಡಿದ. ಅವಳು ಹೋಗಲಿ ಎಂದು ಕೈ ಮಾಡಿದಳು. ಅವನೂ ಎಡಕ್ಕೆ ತಿರುಗಿದ, ಹಿಂದಿನವರೂ ತಿರುಗಿದರು. ಹಗ್ಗ ಅಡ್ಡ ಬಂತು. ಯಾರೋ ಎತ್ತಿ ಹಿಡಿದರು. ಕೂಗುತ್ತಿದ್ದ ಜನ ರುಮಾಲು ತೆಗೆದು ನಿಂತರು. ಚಕ್ರ ಕೊರೆದಿದ್ದ ಜಾಡಿನಲ್ಲಿ ಕೆಂಪಪ್ಪನ ಚಟ್ಟ ನಿಧಾನಕ್ಕೆ ಸುತ್ತು ಹಾಕತೊಡಗಿತು.